ಡೀಸೆಲ್ ತಂದ ಅಣ್ಣನಿಗೆ

ಅಂತೂ ಪಿಎಚ್‌ಡಿ ವೈವಾ ಮುಗಿಯಿತು. ಮ್ಯಾಂಗನೀಸ್ ಟೆಲ್ಯುರೈಡ್ ಹರಳಿನಲ್ಲಿ ಕರೆಂಟು, ಬಿಸಿ ಹೇಗೆ ಹರಿಯುತ್ತವೆ ಅನ್ನೋ ಕಥೆ 6 ವರ್ಷದಿಂದ ಕೇಳಿ ನಿಮಗೆಲ್ಲ ಸಾಕಾಗಿದೆ. ಮತ್ತೆ ಹೇಳಲ್ಲ. ಗೈಡ್ ಸರ್, ಹಾಸ್ಟೆಲ್ ಹುಡುಗಿಯರು, ಫೀಸ್ ಕಟ್ಟಿದ ಚಿಕ್ಕಪ್ಪ, ಎಲ್ಲರಿಗೂ ಥ್ಯಾಂಕ್ಸ್. ನೀವ್ಯಾರೂ ಬೇಜಾರು ಮಾಡಿಕೊಳ್ಳಲ್ಲ ಅಂತ ಗೊತ್ತು. ಉಳಿದಿದ್ದೆಲ್ಲ ನಮ್ಮ ಲ್ಯಾಬ್ ಅಟೆಂಡರ್ ಅಣ್ಣನಿಗೆ.

ಅಪ್ಪನ ತಿಥಿ ಮುಗಿಸಿ ದಾವಣಗೆರೆಗೆ ವಾಪಸ್ ಬಂದಿದ್ದೆ. ಫರ್ನೇಸ್‌ನಲ್ಲಿ ಹರಳು ಬೆಳೆಯುತ್ತಿತ್ತು. ಗಂಟೆಗೆ 2 ಡಿಗ್ರಿಯಷ್ಟೇ ಇಳಿಯಬೇಕು, ಸರ್ರನೆ ಇಳಿದರೆ ಬಿರುಕು. ರಾತ್ರಿ ಒಂದೂವರೆಗೆ ಕರೆಂಟ್ ಹೋಯಿತು. ಜನರೇಟರ್‌ನಲ್ಲಿ ಡೀಸೆಲ್ ಇರಲಿಲ್ಲ. ಯಾಕೆ ಅನ್ನೋದು ಬೇರೆ ಪುರಾಣ, ಬಿಡಿ. ಯುಪಿಎಸ್ ಮೇಲೆ ಡಿಸ್‌ಪ್ಲೇ ಒಂದೇ ಉರಿಯುತ್ತಿತ್ತು: 812, 809, 805. ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಅಪ್ಪನನ್ನು ಮಣ್ಣು ಮಾಡಿದ ದಿನವೂ ಹಾಗೆ ಅತ್ತಿರಲಿಲ್ಲ.

ಅಣ್ಣ ಸಮಾಧಾನ ಹೇಳಲಿಲ್ಲ. "ಕಂಬಳಿ ಹೊದಿಸಿದ್ರೆ ಬಿಸಿ ನಿಲ್ಲಲ್ವೇನ್ರೀ ಮೇಡಂ?" ಅಂದರು. ಕಂಬಳಿಗೆ ಹೆಸರಾದ ಚಳ್ಳಕೆರೆ ಕಡೆಯವರು, ಇನ್ನೇನು ಹೇಳುತ್ತಾರೆ! ಅಳುವಿನ ಮಧ್ಯೆ ನಗು ಬಂತು. ಆದರೆ ನನ್ನ ಥೀಸಿಸ್‌ನ ಅರ್ಧ ಅದೇ ಪ್ರಶ್ನೆ ಅಲ್ವಾ, ಬಿಸಿ ಹರಿಯದಂತೆ ತಡೆಯೋದು ಹೇಗೆ ಅಂತ. ಮೂಲೆಯಲ್ಲಿದ್ದ ಸೆರಾಮಿಕ್ ಉಣ್ಣೆಯನ್ನೆಲ್ಲ ಬಾಗಿಲ ಸಂದಿಗೆ ತುರುಕಿದೆವು. ಇಳಿಯೋದು ಸ್ವಲ್ಪ ನಿಧಾನವಾಯಿತು. ನನ್ನ ಕೈಗೆ ಟಾರ್ಚ್ ಕೊಟ್ಟು, ಕ್ಯಾನ್ ಹಿಡಿದು, ಬೈಕ್ ಹತ್ತಿ ಹೈವೇ ಬಂಕ್‌ಗೆ ಹೋದರು. ಜನರೇಟರ್ ಶುರುವಾದ ಮೇಲೂ ಮನೆಗೆ ಹೋಗಲಿಲ್ಲ. ಜೇಬಿನಲ್ಲಿದ್ದ ಹಾಲಿನ ಲೆಕ್ಕದ ಪುಸ್ತಕದಲ್ಲಿ ಬೆಳಗಾಗುವವರೆಗೆ 15 ನಿಮಿಷಕ್ಕೊಮ್ಮೆ ಡಿಗ್ರಿ ಬರೆದರು. ಎರಡು ಲೀಟರ್, ಎರಡು ಲೀಟರ್, ಒಂದೂವರೆ, ಅದರ ಕೆಳಗೆ 768.

ಬಿರುಕಿಲ್ಲದೆ ಉಳಿದಿದ್ದು ಒಂದೇ ಹರಳು, 3 ಮಿಲಿಮೀಟರ್. ಅದಕ್ಕೆ ಸಿಲ್ವರ್ ಪೇಂಟ್‌ನಿಂದ ಕೂದಲಿಗಿಂತ ಸಣ್ಣ ನಾಲ್ಕು ಚಿನ್ನದ ತಂತಿ ಅಂಟಿಸಿದೆ. ಹೊರಗಿನ ಎರಡರಲ್ಲಿ ಕರೆಂಟ್, ಒಳಗಿನ ಎರಡರಲ್ಲಿ ವೋಲ್ಟೇಜ್. 307 ಕೆಲ್ವಿನ್ ಹತ್ತಿರ ಗ್ರಾಫ್‌ನಲ್ಲಿ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಹರಳು ಒಡ್ಡುವ ಅಡ್ಡಿಯ ಗೆರೆ ದಾರಿ ಬದಲಿಸಿತು. ಹರಳಿನೊಳಗೆ ಮ್ಯಾಂಗನೀಸ್ ಅಣುಗಳೇ ಪುಟ್ಟ ಮ್ಯಾಗ್ನೆಟ್‌ಗಳು; ಪದರ ಪದರಕ್ಕೂ ಎದುರುಬದುರಾಗಿ ನಿಂತ ಅವುಗಳ ಶಿಸ್ತು ಕೆಡೋದು ಅಲ್ಲೇ. ಅಂದರೆ 34 ಡಿಗ್ರಿ ಸೆಲ್ಸಿಯಸ್. ನಮ್ಮೂರಿನ ಏಪ್ರಿಲ್‌ಗೆ ಅದ್ಯಾವ ಲೆಕ್ಕ! ಎಸಿ ಕೆಟ್ಟ ದಿನ ಹರಳು ಮೇಜಿನ ಮೇಲೆ ಸುಮ್ನೆ ಕೂತೇ ಶಿಸ್ತು ಬಿಡುತ್ತಿತ್ತು.

ಮೊನ್ನೆ ಥೀಸಿಸ್ ಪ್ರತಿ ಕೊಟ್ಟೆ. "ನಮ್ ಹರಳು ಯಾವ ಪೇಜು?" ಅಂದರು. ತೋರಿಸಿದೆ. ಗೆರೆ ತಿರುಗುವ ಜಾಗದ ಮೇಲೆ ಬೆರಳಿಟ್ಟುಕೊಂಡು ತುಂಬಾ ಹೊತ್ತು ನೋಡಿದರು.

ಡೀಸೆಲ್ ದುಡ್ಡು ಇವತ್ತಿಗೂ ತಗೊಂಡಿಲ್ಲ. ಭಾನುವಾರ ಬೆಣ್ಣೆ ದೋಸೆ ನನ್ನ ಲೆಕ್ಕ. ಅಣ್ಣ ಬರ್ತಾರೆ, ನೀವೂ ಬನ್ನಿ.