ಕಾಕಾನ ಆಪರೇಷನ್ ರೊಕ್ಕ ಯಾರದು? ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದ.

ಇಲ್ಲಿ ಎಲ್ಲರೂ ಆರಾಮ ಇದ್ದೇವೆ. ಅವ್ವನ ಮೊಣಕಾಲು ನೋವು ಸ್ವಲ್ಪ ಇಳಿದಿದೆ. ಮಳೆ ಚಲೋ ಆಗಿದೆ, ಹೆಸರು ಒಕ್ಕಣೆ ಮುಗಿಯಿತು.

ಹೋದ ಭಾನುವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ. "ಕಾಕಾ ಇಪ್ಪತ್ತು ವರ್ಷ ಗುಟ್ಕಾ ತಿಂದಾನ. ಈಗ ಬಾಯಿ ಕ್ಯಾನ್ಸರ್ ಆಪರೇಷನ್ನಿಗೆ ಸರ್ಕಾರದ ರೊಕ್ಕ. ಅದರಾಗ ನನ್ನ ಟ್ಯಾಕ್ಸೂ ಐತಿ ಅಲ್ಲಪ್ಪಾ? ತಿಂದವರು ಅರ್ಧನಾದ್ರೂ ಕೊಡಬೇಕಲ್ಲ?" ಅಂದೆ. ಕಾಕಾ ಪಡಸಾಲೆಯಲ್ಲೇ ಕೂತಿದ್ದ. ಅದಕ್ಕೇ ನಾನು ಮಾತು ಬೇರೆ ಕಡೆ ತಿರುಗಿಸಿದೆ.

ನೀನು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ ಅಂತ ನನಗೆ ಗೊತ್ತು. ದಿನವಿಡೀ ಇನ್ಶೂರೆನ್ಸ್ ಕ್ಲೇಮ್ ಫೈಲು ನೋಡುವವಳು ನೀನು. ಯಾರು ಕಟ್ಟಿದ ದುಡ್ಡು ಯಾರಿಗೆ ಹೋಗುತ್ತಿದೆ ಅನ್ನೋದು ಎದುರಿಗೇ ಕಾಣುತ್ತದೆ. ಆದರೂ ನಿನ್ನ ಮಾತು ನನಗೆ ಎರಡು ರಾತ್ರಿ ನಿದ್ದೆ ಕೊಡಲಿಲ್ಲ. ಫೋನಿನಲ್ಲಿ ನನಗೆ ಮಾತು ಸರಿಯಾಗಿ ಹೊಂದುವುದಿಲ್ಲ, ಅದಕ್ಕೆ ಬರೆಯಲು ಕೂತಿದ್ದೇನೆ.

ಕಾಕಾ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡಿದ್ದು ನಿನಗೆ ಗೊತ್ತೇ ಇದೆ. ಸೀಜನ್ ಬಂತೆಂದರೆ ರಾತ್ರಿಯಿಡೀ ಲಾರಿ ಲೋಡು. ಆ ಮೆಣಸಿನಕಾಯಿ ಘಾಟಿಗೆ ಹೊಸಬರು ಅರ್ಧ ಗಂಟೆ ನಿಲ್ಲಲಾರರು. ಅವನು ಅದರಲ್ಲೇ ಉಂಡ, ಚೀಲದ ಮೇಲೇ ಮಲಗಿದ. ನಿದ್ದೆ ಬರಬಾರದು, ಹಸಿವು ಗೊತ್ತಾಗಬಾರದು ಅಂತ ಜೊತೆಯವರೆಲ್ಲ ಗುಟ್ಕಾ ಹಾಕುತ್ತಿದ್ದರು. ಇವನೂ ಹಾಕಿದ.

ಹೋದ ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದೆವಲ್ಲ, ಆಗ ನೀನು ಬಂದಿರಲಿಲ್ಲ. ಅವ್ವ ಎಣ್ಣೆಗಾಯಿ ಬದನೆಕಾಯಿ ಮಾಡಿದ್ದಳು. ಕಾಕಾನಿಗೆ ಅದೆಂದರೆ ಪ್ರಾಣ. ಅವತ್ತು ಒಂದು ತುತ್ತು ಬಾಯಿಗಿಟ್ಟು ಕಣ್ಣಲ್ಲಿ ನೀರು ತಂದುಕೊಂಡ. "ಖಾರ ಉರೀತೈತಿ ವೈನಿ" ಅಂದು ಸಜ್ಜಿ ರೊಟ್ಟಿಯನ್ನೂ ಸರಿಸಿ, ಮೊಸರನ್ನವನ್ನಷ್ಟೇ ನುಂಗಿದ. ಮೆಣಸಿನಕಾಯಿ ಹೊತ್ತು ಹೊಟ್ಟೆ ಹೊರೆದವನು ಖಾರ ಉರಿಯುತ್ತೆ ಅಂದಾಗಲೇ ನಾನು ಎಚ್ಚರವಾಗಬೇಕಿತ್ತು. ಆಗಲಿಲ್ಲ. ಅದರ ನೋವು ನನಗೆ ಈಗಲೂ ಇದೆ.

ಅಲ್ಲಿಂದ ಏಳು ತಿಂಗಳು ಅವನು ಯಾರಿಗೂ ಏನೂ ಹೇಳಲಿಲ್ಲ. ಶ್ರಾವಣದಲ್ಲಿ ನಾನೇ ಹಟ ಹಿಡಿದು ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಡಾಕ್ಟರು ಅವನಿಗೆ ಮೂರು ಬೆರಳು ಜೋಡಿಸಿ, ಉದ್ದಕ್ಕೆ ನಿಲ್ಲಿಸಿ ಬಾಯೊಳಗೆ ಇಡಲು ಹೇಳಿದರು. ನೀನೂ ಈಗ ಮಾಡಿ ನೋಡು, ಸುಲಭವಾಗಿ ಹೋಗುತ್ತವೆ. ಕಾಕಾನಿಗೆ ಒಂದು ಬೆರಳು ಹೋಯಿತು, ಎರಡನೆಯದು ಹಲ್ಲಿಗೆ ತಾಗಿ ನಿಂತಿತು. ಕೆನ್ನೆಯ ಒಳಗಡೆ ಚರ್ಮ ಬೆಳ್ಳಗೆ, ಒಣಗಿದ ತೊಗಲಿನ ಹಾಗೆ ಬಿಗಿದಿತ್ತು. ಅದರ ಹಿಂದೆ ಗಂಟು. ಅಡಿಕೆಯೇ ಈ ಬಿಗಿತ ತರುತ್ತದೆ, ತಂಬಾಕು ಜೊತೆ ಸೇರಿದರೆ ಕ್ಯಾನ್ಸರ್ ಇನ್ನೂ ಹತ್ತಿರ ಅಂತ ಡಾಕ್ಟರು ವಿವರಿಸಿದರು.

ಹೊರಗೆ ಬೆಂಚಿನ ಮೇಲೆ ಕೂತಾಗ ಕೇಳಿದೆ, ಯಾಕೆ ಹೇಳಲಿಲ್ಲ ಅಂತ. ಒಮ್ಮೆ ಯಾವುದೋ ದವಾಖಾನೆಗೆ ಒಬ್ಬನೇ ಹೋಗಿದ್ದನಂತೆ. ಚೀಟಿ ಬರೆಯುವವರು ಅವನ ಹಲ್ಲು ನೋಡಿ, ಎಲ್ಲರ ಎದುರಿಗೆ "ತಿನ್ನೋವಾಗ ಗೊತ್ತಾಗಲಿಲ್ಲೇನು?" ಅಂದರಂತೆ. ಇವನು ಸರದಿ ಬಿಟ್ಟು ಎದ್ದು ಬಂದ. "ಅಣ್ಣಾ, ತಪ್ಪು ನಂದೈತಿ ಅಂತ ನಂಗ ಗೊತ್ತೈತಿ. ಮತ್ತ ಮತ್ತ ಯಾಕ ಕೇಳಬೇಕು?" ಅಂದ.

ನಿನ್ನ ಪ್ರಶ್ನೆಗೆ ನನ್ನ ಉತ್ತರ ಈ ಏಳು ತಿಂಗಳಲ್ಲೇ ಇದೆ, ತಂಗಿ. ಬಿಳಿ ಮಚ್ಚೆ ಇದ್ದಾಗಲೇ ತೋರಿಸಿದ್ದರೆ ಚಟ ಬಿಡಿಸಿ, ಒಂದು ಚೂರು ತೆಗೆದು ಪರೀಕ್ಷೆ ಮಾಡಿ, ಕಣ್ಣಿಟ್ಟು ಕಾಯಬಹುದಿತ್ತು. ಈಗ ದವಡೆ ತೆಗೆದರು, ಕುತ್ತಿಗೆಯ ಗಂಟು ತೆಗೆದರು, ಮೇಲೆ ರೇಡಿಯೇಷನ್ ಬೇರೆ. ಖರ್ಚು ಎಷ್ಟು ಪಟ್ಟು ಜಾಸ್ತಿ ಆಯಿತು ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ಅವನಿಗೆ ಬಿಪಿಎಲ್ ಕಾರ್ಡ್ ಇತ್ತು, ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಆಯಿತು. ಅರ್ಧ ನೀನೇ ಕೊಡಬೇಕು ಅಂತ ಮೊದಲೇ ಹೇಳಿದ್ದರೆ ಅವನು ಶ್ರಾವಣಕ್ಕೂ ಬರುತ್ತಿರಲಿಲ್ಲ.

ಇದು ಬರೀ ತಮ್ಮನ ಮೇಲಿನ ಮಮತೆಯಿಂದ ಹೇಳುವ ಮಾತಲ್ಲ. ಮೂವತ್ತೊಂದು ವರ್ಷ ರೈತರಿಗೆ ಸಾಲ ಕೊಡುವ ಸಹಕಾರಿ ಸೊಸೈಟಿಯಲ್ಲಿ ಸೆಕ್ರೆಟರಿ ಆಗಿ ನಾನು ನೋಡಿದ್ದೂ ಇದೇ. ಸಾಲ ವಾಯಿದೆಗೆ ಕಟ್ಟದವರ ಹೆಸರನ್ನು ಸುಸ್ತಿದಾರರ ಪಟ್ಟಿಯಲ್ಲಿ ಬರೆದು ಗೋಡೆಗೆ ಅಂಟಿಸುತ್ತಿದ್ದೆವು. ದಂಡಬಡ್ಡಿ ಹಾಕುತ್ತಿದ್ದೆವು. ಏನಾಯಿತು ಗೊತ್ತಾ? ಅವರು ಸೊಸೈಟಿ ಓಣಿಯಲ್ಲಿ ಅಡ್ಡಾಡುವುದನ್ನೇ ಬಿಟ್ಟರು. ಹನುಮಂತದೇವರ ಗುಡಿ ಸುತ್ತಿಕೊಂಡು ಹೊಲಕ್ಕೆ ಹೋಗುತ್ತಿದ್ದರು. ಕೈಗಡ ಸಾಲಕ್ಕೆ ಬೇರೆಯವರ ಹತ್ತಿರ ಹೋದರು, ಬಡ್ಡಿ ಬೆಳೆಯಿತು, ಕೊನೆಗೆ ಒಂದಿಬ್ಬರು ಹೊಲವನ್ನೇ ಕಳೆದುಕೊಂಡರು. ಮುಂದೆ ಸರ್ಕಾರ ಬೆಳೆಸಾಲಕ್ಕೆ ಬಡ್ಡಿಯನ್ನೇ ತೆಗೆಯಿತು. 3 ಲಕ್ಷದವರೆಗೆ ಇದ್ದುದನ್ನು 2023ರ ಬಜೆಟ್ಟಿನಲ್ಲಿ 5 ಲಕ್ಷ ಮಾಡಿದರು. ಷರತ್ತು ಒಂದೇ, ವಾಯಿದೆಗೆ ಸರಿಯಾಗಿ ಕಟ್ಟಬೇಕು. ಮಾರ್ಚ್ ಬಂತೆಂದರೆ ಅದೇ ಜನ ತಾವಾಗಿಯೇ ಬಂದು ಸಾಲಿನಲ್ಲಿ ನಿಲ್ಲುತ್ತಿದ್ದರು. ಜನ ಬದಲಾಗಿರಲಿಲ್ಲ. ಬಾಗಿಲಲ್ಲಿ ನಾವು ಕೇಳುವ ಮಾತು ಬದಲಾಗಿತ್ತು. ನಿಮ್ಮ ಇನ್ಶೂರೆನ್ಸ್ ಕಂಪನಿಯವರೂ ಹಾಗೆ ಮಾಡಲಿ. ದಿನಾ ನಡೆಯುವವರಿಗೆ, ಚಟ ಬಿಟ್ಟವರಿಗೆ ಪ್ರೀಮಿಯಂ ಕಡಿಮೆ ಮಾಡಲಿ. ನನಗೆ ಅದು ಪೂರ್ತಿ ಒಪ್ಪಿಗೆ.

ಸೊಸೈಟಿ ಸದಸ್ಯರ ಆರೋಗ್ಯ ವಿಮೆ ಯಶಸ್ವಿನಿ ಶುರುವಾದಾಗ ನೀನು ಇನ್ನೂ ಸಣ್ಣವಳು. 2003ರಲ್ಲಿ. ತಲೆಗೆ ವರ್ಷಕ್ಕೆ 60 ರೂಪಾಯಿ, ತಿಂಗಳಿಗೆ ಐದು ರೂಪಾಯಿ ಲೆಕ್ಕ. ರಸೀದಿ ಪುಸ್ತಕ ಹಿಡಿದು ಮನೆಮನೆಗೆ ಹೋದಾಗ ನಿನ್ನ ಪ್ರಶ್ನೆಯನ್ನೇ ಜನ ಕೇಳಿದರು. "ನಂಗೇನು ರೋಗ ಇಲ್ಲರಿ, ನಾ ಯಾಕ ಕೊಡ್ಲಿ?" ನಾನು ಅವರಿಗೆ ಕಣಗಿನಹಾಳದ ಕಥೆ ಹೇಳುತ್ತಿದ್ದೆ. ನಮ್ಮ ಗದಗ ತಾಲ್ಲೂಕಿನದೇ ಊರು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕೃಷಿ ಪತ್ತಿನ ಸಂಘ ಕಟ್ಟಿದರು, ಏಷ್ಯಾದಲ್ಲೇ ಮೊದಲನೆಯದು ಅನ್ನುತ್ತಾರೆ. ಅವತ್ತೂ ಊರಲ್ಲಿ ಮೈಗಳ್ಳರು ಇದ್ದೇ ಇದ್ದರು, ಕುಡಿಯುವವರೂ ಇದ್ದರು. ಅವರನ್ನೆಲ್ಲ ಹೊರಗಿಟ್ಟು ಬರೀ ಶುದ್ಧರನ್ನು ಸೇರಿಸಿ ಸಂಘ ಕಟ್ಟುತ್ತೇವೆ ಅಂದಿದ್ದರೆ ಹತ್ತು ಜನ ಸಿಗುತ್ತಿರಲಿಲ್ಲ. ನಮ್ಮೂರಿನ ಒಬ್ಬ ಅಜ್ಜ ಮೊದಲ ವರ್ಷದಿಂದ 2018ರಲ್ಲಿ ಯೋಜನೆ ನಿಲ್ಲುವವರೆಗೂ ಕಟ್ಟಿದ. ಒಮ್ಮೆಯೂ ಆಸ್ಪತ್ರೆ ಕಾಣಲಿಲ್ಲ. ರೊಕ್ಕ ಸುಮ್ನೆ ಹೋಯಿತಲ್ಲಜ್ಜಾ ಅಂದರೆ, "ಆ ರೊಕ್ಕದಾಗ ಯಾರಿಗರೆ ಹೊಲಿಗಿ ಹಾಕ್ಯಾರಲ್ಲ" ಅಂದ. ಯೋಜನೆ ಮತ್ತೆ ಬರುವ ಹೊತ್ತಿಗೆ ಅಜ್ಜ ಇರಲಿಲ್ಲ.

ಇನ್ನು ನನ್ನ ವಿಷಯ. ನನಗೆ ಶುಗರ್ ಬಂದು ಹದಿನಾಲ್ಕು ವರ್ಷವಾಯಿತು. ಮೂವತ್ತು ವರ್ಷ ಕುರ್ಚಿ ಬಿಟ್ಟು ಏಳಲಿಲ್ಲ. ಧಾರವಾಡಕ್ಕೆ ಮೀಟಿಂಗಿಗೆ ಹೋದಾಗೆಲ್ಲ ಫೇಡೆ ತಂದೆ. ಸಂಜೆ ಗಿರ್ಮಿಟ್, ಮಿರ್ಚಿ ಇಲ್ಲದೆ ಚಹಾ ಕುಡಿಯುತ್ತಿರಲಿಲ್ಲ. ಇದೂ ನಾನೇ ತಂದುಕೊಂಡದ್ದು, ಅಲ್ವಾ? ಆದರೆ "ಫೇಡೆ ತಿನ್ನೋವಾಗ ಗೊತ್ತಾಗಲಿಲ್ಲೇನು" ಅಂತ ನನ್ನನ್ನು ಯಾವ ದವಾಖಾನೆಯಲ್ಲೂ ಕೇಳಲಿಲ್ಲ. ಕುರ್ಚಿ ಹಾಕಿ ಕೂರಿಸಿದರು. ಕಾಕಾನ ಹಲ್ಲು ಕೆಂಪಗಿದ್ದವು, ಅಂಗಿ ಹರಿದಿತ್ತು. ಇಬ್ಬರದೂ ಅಭ್ಯಾಸದಿಂದ ಬಂದ ರೋಗವೇ. ಬೈಗುಳ ಮಾತ್ರ ಒಬ್ಬನಿಗೆ. ತಪ್ಪಿಗೆ ದಂಡ ಅಂತ ನಿಯಮ ಮಾಡಿದರೆ ಅದು ಎಲ್ಲರ ತಪ್ಪಿಗೂ ಬೀಳುವುದಿಲ್ಲ, ಬಡವನ ಮೈಮೇಲೆ ಕಾಣುವ ತಪ್ಪಿಗಷ್ಟೇ ಬೀಳುತ್ತದೆ. ನಾನು ಹೆದರುವುದು ಅದಕ್ಕೇ.

ಮತ್ತೆ, ಯಾವುದು ಅಭ್ಯಾಸದಿಂದ ಬಂತು, ಯಾವುದು ಹಣೆಬರಹ ಅಂತ ಗೆರೆ ಎಳೆಯುವವರು ಯಾರು? ಹಾರ್ಟ್ ಅಟ್ಯಾಕ್ ಆದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಪುಕ್ಕಟೆ ಕೊಡುವ ಯೋಜನೆ ಇದೆ. ಅದಕ್ಕೆ ಪುನೀತ್ ರಾಜ್‌ಕುಮಾರ್ ಹೆಸರಿಟ್ಟಿದ್ದಾರೆ. 2021ರ ಅಕ್ಟೋಬರ್ 29ರಂದು ಅವರು ಹೋದಾಗ ವಯಸ್ಸು 46. ದಿನಾ ವ್ಯಾಯಾಮ ಮಾಡುವ ಮನುಷ್ಯ ಅಂತ ನಾಡಿಗೇ ಗೊತ್ತಿತ್ತು. ನೀನು ಅವತ್ತು ಎಷ್ಟು ಅತ್ತಿದ್ದೆ. ಆ ಇಂಜೆಕ್ಷನ್ನು ಬೀಡಿ ಸೇದುವವನಿಗೂ ಸಿಗುತ್ತದೆ. ಸಿಗಲೇಬೇಕು.

ಹಾಗಾದರೆ ಯಾರು ಕೊಡಬೇಕು ಅಂತೀಯಾ? ಆಸ್ಪತ್ರೆ ಬಾಗಿಲಲ್ಲಿ ಅಲ್ಲ, ಅಂಗಡಿಯಲ್ಲಿ ಕೊಡಬೇಕು ಅಂತ ನಾನು ಅನ್ನುತ್ತೇನೆ. ಮಾಡುವವನು, ಮಾರುವವನು, ಕೊಳ್ಳುವವನು ಅಲ್ಲೇ ತೆರಬೇಕು. ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧವಾಗಿದ್ದು 2013ರಲ್ಲಿ. ಈಗ ಬಸ್ ಸ್ಟ್ಯಾಂಡಿನ ಯಾವುದೇ ಪಾನ್ ಅಂಗಡಿ ಮುಂದೆ ನಿಂತು ನೋಡು. ಪಾನ್ ಮಸಾಲಾದ ಒಂದು ಸರ, ತಂಬಾಕಿನ ಒಂದು ಸರ, ಅಕ್ಕಪಕ್ಕ ತೂಗುತ್ತಿರುತ್ತವೆ. ಗಿರಾಕಿ ಎರಡೂ ಹರಿದು ಅಂಗೈಯಲ್ಲಿ ಕೂಡಿಸಿ ಬಾಯಿಗೆ ಸುರಿಯುತ್ತಾನೆ. ಬೇರೆ ಬೇರೆ ಚೀಟಿ, ಆದ್ದರಿಂದ ಗುಟ್ಕಾ ಅಲ್ಲ! ಈ ಎರಡು ಚೀಟಿಯ ಲೆಕ್ಕ ಹಾಕಿಕೊಟ್ಟವರು ಓದಿದವರು, ದೊಡ್ಡ ಫ್ಯಾಕ್ಟರಿಯವರು. ಅವರ ಜವಾಬ್ದಾರಿಯ ಬಗ್ಗೆ ಒಂದೂ ಮಾತಿಲ್ಲದೆ ಬರೀ ಹಮಾಲಿಯ ಜವಾಬ್ದಾರಿ ಮಾತಾಡಿದರೆ ನನಗೆ ಸಿಟ್ಟು ಬರುತ್ತದೆ.

ಕುಡಿತದ ವಿಷಯವೂ ಹಾಗೇ. 2025-26ರ ರಾಜ್ಯ ಬಜೆಟ್ಟಿನಲ್ಲಿ ಅಬಕಾರಿಗೆ ಇಟ್ಟ ಗುರಿ 40,000 ಕೋಟಿ. ಕುಡಿಯುವವನು ಪ್ರತಿ ಬಾಟಲಿಗೂ ಖಜಾನೆಗೆ ಕೊಟ್ಟೇ ಕುಡಿಯುತ್ತಾನೆ. ಅದೇ ಮನುಷ್ಯ ಲಿವರ್ ಕೆಟ್ಟು ಬಂದಾಗ ನೀನು ಪುಕ್ಕಟೆ ಬಂದೆ ಅನ್ನುವುದು ಸರಿಯಲ್ಲ. ಆ ದುಡ್ಡಿನಲ್ಲಿ ಇಂತಿಷ್ಟು ಪಾಲು ಚಟ ಬಿಡಿಸುವುದಕ್ಕೆ, ಬಾಯಿ ತಪಾಸಣೆಗೆ ಅಂತ ಮೊದಲೇ ತೆಗೆದಿಟ್ಟರೆ ನಿನ್ನ ಟ್ಯಾಕ್ಸಿನ ಮಾತು ಎಷ್ಟೋ ಹಗುರವಾಗುತ್ತದೆ.

ಒಂದು ವಿಷಯದಲ್ಲಿ ನೀನು ಗಟ್ಟಿಯಾಗಿಯೇ ಇರು. ಫಾರ್ಮಿನಲ್ಲಿ ತಂಬಾಕು ಇಲ್ಲ, ಶುಗರ್ ಇಲ್ಲ ಅಂತ ಸುಳ್ಳು ಬರೆದವರನ್ನು ಬಿಡಬೇಡ. ಐದು ವರ್ಷ ಪ್ರೀಮಿಯಂ ಕಟ್ಟಿದ ಮೇಲೆ, ಮೋಸ ಸಾಬೀತಾಗದೆ ಕಂಪನಿ ಹಳೆಯದನ್ನು ಕೆದಕುವ ಹಾಗಿಲ್ಲ ಅಂತ ನೀನೇ ಹೇಳಿದ್ದೆ. ಅದಕ್ಕೇ ಕೆಲವರು ಮುಚ್ಚಿಡುತ್ತಾರೆ. ಅದು ಉಳಿದ ಸದಸ್ಯರ ಗಂಟಿಗೆ ಕೈ ಹಾಕಿದ ಹಾಗೆ. ಸೊಸೈಟಿಯಲ್ಲಿ ಇಲ್ಲದ ಬೆಳೆ ತೋರಿಸಿ ಸಾಲ ಎತ್ತಿದವರನ್ನು ನಾನು ಯಾವತ್ತೂ ಕ್ಷಮಿಸಲಿಲ್ಲ. ಬೆಳೆ ಹೋದವನನ್ನು ಮಾತ್ರ ಯಾವತ್ತೂ ಕಳ್ಳ ಅನ್ನಲಿಲ್ಲ. ಸುಳ್ಳಿಗೆ ದಂಡ ಹಾಕು, ರೋಗಕ್ಕೆ ಹಾಕಬೇಡ.

ಕಾಕಾನ ತಪ್ಪನ್ನು ನಾನು ಮುಚ್ಚುತ್ತಿಲ್ಲ. ನೀನು ತಪ್ಪು ಮಾಡಿದೆ ಅಂತ ನಾನೇ ಅವನ ಮುಂದೆ ಕೂತು ಹೇಳಿದ್ದೇನೆ, ಕೈ ಹಿಡಿದುಕೊಂಡು ಹೇಳಿದ್ದೇನೆ. ಅವನು ಕೊಡಬೇಕಾದ್ದನ್ನು ಕೊಡುತ್ತಲೂ ಇದ್ದಾನೆ. ಮೊನ್ನೆ ಹಳೆಯ ಜೊತೆಗಾರರು ಇಬ್ಬರು ನೋಡಲು ಬಂದಿದ್ದರು. ಮಾತು ಇನ್ನೂ ಸ್ಪಷ್ಟ ಇಲ್ಲ. ಹೊಲಿಗೆ ಹಾಕಿದ ಕೆನ್ನೆಗೆ ಕಟ್ಟಿದ ಟವೆಲ್ ತಾನೇ ಬಿಚ್ಚಿ ತೋರಿಸಿದ. ಒಬ್ಬ ಹೋಗುವಾಗ ಕಿಸೆಯಲ್ಲಿದ್ದ ಗುಟ್ಕಾ ಚೀಟಿಗಳನ್ನು ನಮ್ಮ ಬಚ್ಚಲ ಒಲೆಗೆ ಹಾಕಿ ಹೋದ. ನಾಳೆ ಮತ್ತೆ ಕೊಳ್ಳುತ್ತಾನೋ ಏನೋ. ಆದರೂ ಹಾಕಿದ.

ದೀಪಾವಳಿಗೆ ಬರುತ್ತೀಯಲ್ಲ, ಆಗ ನೀನು ಒಂದು ಕೆಲಸ ಮಾಡಬೇಕು. ಕಾಕಾನ ಮಗನ ಅಂಗಿ ಒಗೆಯುವಾಗ ಅವ್ವನಿಗೆ ಎರಡು ಸಲ ಕಿಸೆಯಲ್ಲಿ ಖಾಲಿ ಚೀಟಿ ಸಿಕ್ಕಿದೆ. ಅವನಿಗೆ ಇನ್ನೂ ಹತ್ತೊಂಬತ್ತು. ನಾನು ಕೇಳಿದರೆ ಎದ್ದು ಹೋಗುತ್ತಾನೆ, ಅಪ್ಪನ ಮುಂದಂತೂ ನಿಲ್ಲುವುದೇ ಇಲ್ಲ. ನೀನೆಂದರೆ ಅವನಿಗೆ ಅಕ್ಕ. ಬೈಯಬೇಡ. ಮಾಳಿಗೆ ಮೇಲೆ ಕರೆದುಕೊಂಡು ಹೋಗಿ ಕೂರಿಸಿಕೋ, ಮೊಬೈಲ್ ಟಾರ್ಚ್ ಹಾಕಿ ಅವನ ಬಾಯಿ ನೋಡು. ಮೂರು ಬೆರಳು ಹೋಗುತ್ತವಾ ನೋಡು. ಒಳಗೆ ಎಲ್ಲಾದರೂ ಬೆಳ್ಳಗೆ ಕಂಡರೆ ನನಗೆ ಹೇಳು, ಮರುದಿನವೇ ಹುಬ್ಬಳ್ಳಿಗೆ ಹೋಗೋಣ. ಖರ್ಚಿನ ಮಾತು ಅವನ ಮುಂದೆ ಎತ್ತಬೇಡ.

ಅವ್ವ ನಿನಗೆ ಉಂಡಿ ಕಟ್ಟಿಡುತ್ತಾಳಂತೆ. ಟಿಕೆಟ್ ಬುಕ್ ಆದ ಕೂಡಲೇ ತಿಳಿಸು.

ನಿನ್ನ ಅಪ್ಪ