ಕುರ್ಚಿ ಬಿಟ್ಟ ಮೇಲೆ

ಪ್ರೀತಿಯ ರಂಗ,

ಕಾಶಿಗೆ ಹೋಗಿ ಬಂದಾಯ್ತು, ರಾಮೇಶ್ವರವೂ ಆಯ್ತು, ಆದರೂ ಒಳಗೆ ಏನೂ ಆಗಲಿಲ್ಲ ಕಣೋ ಅಂತ ಬರೆದಿದ್ದೀಯ. ಓದಿ ನಗು ಬಂತು, ಬೇಜಾರು ಮಾಡ್ಕೋಬೇಡ. ವಯಸ್ಸಾದ ಮೇಲೆ ಮನಸ್ಸು ತಾನಾಗೇ ದೇವರ ಕಡೆ ತಿರುಗುತ್ತೆ ಅಂತ ನಾವಿಬ್ಬರೂ ನಂಬಿದ್ದೆವು, ಅಲ್ವಾ? ನನ್ನದಂತೂ ನಿವೃತ್ತಿಯಾದ ಮೇಲೂ ಬಹಳ ಕಾಲ ಆಫೀಸಿನ ಕುರ್ಚಿಯಲ್ಲೇ ಕೂತಿತ್ತು. ಫೋನ್ ಬಂದರೆ ಯಾರೋ ಫೈಲಿನ ವಿಷಯಕ್ಕೇ ಮಾಡಿರಬೇಕು ಅನ್ನಿಸೋದು. ಎತ್ತಿದರೆ ಸೈಟು ಮಾರುವವರು.

ಇಲ್ಲಿ ಹಾಸನದ ಮಹಾರಾಜ ಪಾರ್ಕಿನಲ್ಲಿ ಬೆಳಗ್ಗೆ ನಮ್ಮ ವಯಸ್ಸಿನವರೆಲ್ಲ ಸೇರುತ್ತಾರೆ. ಶುಗರ್ ಎಷ್ಟು, ಬಿಪಿ ಎಷ್ಟು ಅನ್ನೋದು ಮುಗಿದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಮಾತು: "ನಾನಿದ್ದಾಗ..." ಇನ್ನೂ ಬದುಕಿದ್ದಾರೆ ಮಾರಾಯ, ಆದರೂ "ನಾನಿದ್ದಾಗ"!

ಮೊನ್ನೆ ಶ್ರವಣಬೆಳಗೊಳಕ್ಕೆ ಹೋಗಿದ್ದೆ. 58 ಅಡಿಯ ಆ ಗೊಮ್ಮಟನನ್ನು ಸ್ಕೂಲ್ ಟ್ರಿಪ್ಪಿನಲ್ಲಿ ನಾವು ಎತ್ತರಕ್ಕಷ್ಟೇ ನೋಡಿದ್ದೆವು. ಈ ಸಲ ಕಾಲ ಹತ್ತಿರ ನಿಂತು ನೋಡಿದೆ. ಬದಿಯಲ್ಲಿ ಹುತ್ತ, ಅದರಿಂದ ಇಣುಕುವ ಹಾವು. ಬಳ್ಳಿ ತೊಡೆ ದಾಟಿ ತೋಳಿನವರೆಗೂ ಹಬ್ಬಿದೆ. ಅಣ್ಣ ಭರತನನ್ನು ಗೆದ್ದು, ಗೆದ್ದ ರಾಜ್ಯವನ್ನೇ ಬಿಟ್ಟು ಬಂದವನು ಬಾಹುಬಲಿ. ಒಂದು ವರ್ಷ ಅಲುಗಾಡದೆ ನಿಂತರೂ ಜ್ಞಾನ ಆಗಲಿಲ್ಲವಂತೆ. ಯಾಕೆ ಹೇಳು? "ನಾನು ನಿಂತಿರುವುದು ಅಣ್ಣನ ನೆಲದಲ್ಲಿ" ಅನ್ನೋ ಒಂದು ಮುಳ್ಳು ಒಳಗೆ ಉಳಿದಿತ್ತು. ಭರತನೇ ಬಂದು ಕೈಮುಗಿದ ಮೇಲೆ ಅದು ಹೋಯಿತು ಅಂತ ಕಥೆ. ರಾಜ್ಯ, ಬಟ್ಟೆ, ಊಟ ಎಲ್ಲ ಬಿಟ್ಟವನಿಗೇ ಅಷ್ಟು ಕಷ್ಟ. ನಾವು ಬಿಟ್ಟಿರುವುದು ಒಂದು ಕುರ್ಚಿ, ಅದೂ ಸರ್ಕಾರ ಎಬ್ಬಿಸಿದ್ದಕ್ಕೆ.

ಎದುರಿನ ಚಿಕ್ಕಬೆಟ್ಟಕ್ಕೆ ಜನ ಕಡಿಮೆ. ನನಗೆ ಅದೇ ಜಾಸ್ತಿ ಇಷ್ಟ. ಅಲ್ಲಿನ ಬಂಡೆಯ ಮೇಲೆ ಸುಮಾರು 1300 ವರ್ಷ ಹಿಂದಿನ ಕನ್ನಡ ಶಾಸನ ಇದೆ, ನಂದಿಸೇನ ಅನ್ನೋ ಮುನಿಯದ್ದು. ರೂಪ, ಹಣ, ವೈಭವ ಎಲ್ಲ ಕಾಮನಬಿಲ್ಲಿನ ಹಾಗೆ, ಮಿಂಚಿನ ಹಾಗೆ, ಮಂಜಿನ ಹಾಗೆ ಕಂಡು ಕರಗುತ್ತೆ ಅಂತ ಅದರ ಅರ್ಥ. ಡಿಸೆಂಬರಿನಲ್ಲಿ ಸಕಲೇಶಪುರದ ದಾರಿ ಹಿಡಿದವರಿಗೆ ಮಂಜಿನ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ಆ ಮುನಿ ಸನ್ಯಾಸ ಹಿಡಿದು ದೇಹವನ್ನೇ ಬಿಟ್ಟ. ಆ ದಾರಿ ನನ್ನದಲ್ಲ. ನಾನು ಮಾತ್ರೆ ನುಂಗಿಕೊಂಡು, ಮೊಮ್ಮಗಳ ಜೊತೆ ಜಗಳ ಆಡಿಕೊಂಡು ಇಲ್ಲೇ ಇರುವವನು.

ಹಾಗಾದರೆ ಏನು ಮಾಡ್ತಿದ್ದೀಯ ಅಂತ ಕೇಳ್ತೀಯ. ಬ್ಯಾಂಕಿನ ಮುಂದಿನ ಕಟ್ಟೆಯಲ್ಲಿ ಕೂತು ಅರ್ಜಿ ತುಂಬಿಕೊಡುತ್ತೇನೆ. ಬರುವವರಲ್ಲಿ ಸಂಧ್ಯಾ ಸುರಕ್ಷಾ ಪಿಂಚಣಿ ದುಡ್ಡಿಗೆ ಬರುವ 65 ದಾಟಿದವರೇ ಜಾಸ್ತಿ. ಹೋದ ವಾರ ಒಬ್ಬ ಅಜ್ಜಿ ಬಂದಿತ್ತು. ಮೆಷಿನ್ನಿನ ಮೇಲೆ ಹೆಬ್ಬೆಟ್ಟು ಎಷ್ಟು ಒತ್ತಿದರೂ ಹಿಡಿಯಲೇ ಇಲ್ಲ. ಕೈ ಹಿಡಿದು ನೋಡಿದೆ. ಆಲೂಗಡ್ಡೆ ಕಿತ್ತು, ರಾಗಿ ಹೊಲದ ಕಳೆ ತೆಗೆದು, ಬೆರಳಿನ ಗೆರೆಯೇ ಸವೆದುಹೋಗಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿದೆವು, ಬೇರೆ ಬೆರಳು ಇಟ್ಟೆವು. ಕೊನೆಗೆ ಉಂಗುರದ ಬೆರಳು ಹಿಡಿಯಿತು. ಅಜ್ಜಿ ಸೆರಗು ಸರಿಮಾಡಿಕೊಂಡು, "ನೀನು ಏನು ಕೆಲ್ಸದಲ್ಲಿದ್ದೀಯ ಮಗ?" ಅಂತು. ಹುದ್ದೆಯ ಹೆಸರು ಬಾಯಿಯವರೆಗೂ ಬಂದಿತ್ತು ನೋಡು. ನುಂಗಿಕೊಂಡು, "ಏನೂ ಇಲ್ಲಜ್ಜಿ, ಸುಮ್ನೆ ಕೂತಿದ್ದೀನಿ" ಅಂದೆ. ಆವತ್ತು ಮಧ್ಯಾಹ್ನ ಒಳ್ಳೆ ನಿದ್ದೆ ಬಂತು. ಇದಕ್ಕೆ ಅಧ್ಯಾತ್ಮ ಅಂತಾರೋ ಇಲ್ವೋ, ನೀನೇ ಹೇಳು.

ಹಾಸನಾಂಬೆಯ ಬಾಗಿಲು ತೆಗೆದಾಗ ಬರಬೇಡ, ಆ ಕ್ಯೂ ನಿನ್ನ ಮಂಡಿಗೆ ಆಗೋದಲ್ಲ. ದೀಪಾವಳಿ ಕಳೆದ ಮೇಲೆ ಬಾ, ಚಿಕ್ಕಬೆಟ್ಟಕ್ಕೆ ನಿಧಾನವಾಗಿ ಹೋಗಿ ಬರೋಣ. ಒಂದು ದಿನ ನನ್ನ ಜೊತೆ ಕಟ್ಟೆಯಲ್ಲೂ ಕೂರಬೇಕು. ನಿನ್ನ ಅಕ್ಷರ ನನ್ನದಕ್ಕಿಂತ ದುಂಡಗಿದೆ. ಓದುವ ಕನ್ನಡಕ ಮರೆತು ಬಂದೀಯ, ಹುಷಾರು.

ನಿನ್ನ,
ಚಂದ್ರು