ಹಳೆ ಬಾಟಲಿ ತೋರಿಸಿ ಕಣ್ಣಿನ ಔಷಧ ಕೊಳ್ಳುವ ರೂಢಿ ನಿಲ್ಲಲಿ

ಮಾನ್ಯರೇ,

ಬೇಸಿಗೆ ಕಾಲಿಡುತ್ತಿದ್ದಂತೆ ನಮ್ಮ ಕುಮಟಾ, ಅಂಕೋಲಾ ಕಡೆಯ ಶಾಲೆಗಳಲ್ಲಿ ಕಣ್ಣು ತಿಕ್ಕುತ್ತ ಕೂರುವ ಮಕ್ಕಳು, ಅದರಲ್ಲೂ ಗಂಡುಮಕ್ಕಳು, ಕಾಣಸಿಗುತ್ತಾರೆ. ಕಣ್ಣು ಕೆಂಪಾಗಿ, ಬಿಸಿಲಿಗೆ ತೆರೆಯಲಾಗದೆ, ನೂಲಿನ ಎಳೆಯಂತೆ ಗೀಜು ಬರುವ ಈ ಅಲರ್ಜಿ ವರ್ಷವರ್ಷವೂ ಮರುಕಳಿಸುತ್ತದೆ. ಇದು ಅಂಟುವ ಕೆಂಗಣ್ಣಲ್ಲ. ಮಗುವನ್ನು ಶಾಲೆಯಿಂದ ಹೊರಗಿಡುವ ಅಗತ್ಯವಿಲ್ಲ.

ನನ್ನ ಆತಂಕವಿರುವುದು ಚಿಕಿತ್ಸೆಯ ಬಗ್ಗೆ. ಖಾಲಿಯಾದ ಪುಟ್ಟ ಬಾಟಲಿಯನ್ನು ಔಷಧದ ಅಂಗಡಿಯ ಕಟ್ಟೆಯ ಮೇಲಿಟ್ಟು ‘ಇದನ್ನೇ ಕೊಡಿ, ಹೋದ ವರ್ಷ ಇದರಿಂದಲೇ ಕಡಿಮೆಯಾಗಿತ್ತು’ ಎನ್ನುವ ತಾಯಂದಿರನ್ನು ನೋಡಿದ್ದೇನೆ. ಅದು ಹೆಚ್ಚಾಗಿ ಸ್ಟೀರಾಯ್ಡ್ ಹನಿ, ಎಂದರೆ ಉರಿಯೂತವನ್ನು ಬೇಗ ತಗ್ಗಿಸುವ ಪ್ರಬಲ ಔಷಧ. ತುರಿಕೆ ಬೇಗ ಇಳಿಯುವುದರಿಂದಲೇ ಜನ ಅದನ್ನು ನಂಬುತ್ತಾರೆ. ವೈದ್ಯರು ಹೇಳಿದಷ್ಟು ದಿನ ಹಾಕಿ ನಿಲ್ಲಿಸಿದರೆ ಅದು ಒಳ್ಳೆಯ ಔಷಧವೇ ಹೌದು, ಆದರೆ ತಿಂಗಳುಗಟ್ಟಲೆ ಹಾಕುತ್ತ ಹೋದರೆ ಕೆಲವರಲ್ಲಿ ಕಣ್ಣಿನೊಳಗಿನ ಒತ್ತಡ ನೋವೇ ಇಲ್ಲದೆ ಏರಿ, ದೃಷ್ಟಿನರ ಸವೆದು ಗ್ಲಾಕೋಮಾ ಆಗುತ್ತದೆ. ಮಕ್ಕಳಿಗೂ ಪೊರೆ ಬರಬಹುದು. ಹೀಗೆ ಹೋದ ದೃಷ್ಟಿನರ ಮರಳಿ ಬರುವುದಿಲ್ಲ.

ಸಾಮಾನ್ಯ ತುರಿಕೆಗೆ ತಣ್ಣೀರ ಪಟ್ಟಿ ಮತ್ತು ಓಲೋಪಟಾಡಿನ್‌ನಂಥ ಅಲರ್ಜಿ ತಗ್ಗಿಸುವ ಹನಿಗಳು ಸಾಕಾಗಬಹುದು. ಹಟಮಾರಿ ಅಲರ್ಜಿಗೆ, ಸ್ಟೀರಾಯ್ಡ್ ಅವಲಂಬನೆ ತಗ್ಗಿಸಲು, ಸೈಕ್ಲೋಸ್ಪೊರಿನ್ ಹನಿ ಅಥವಾ ಶೇ 0.03ರ ಟ್ಯಾಕ್ರೋಲಿಮಸ್ ಕಣ್ಣಿನ ಮುಲಾಮನ್ನು ತಜ್ಞರು ಬರೆಯುತ್ತಾರೆ. ಇವು ರೋಗನಿರೋಧಕ ಕೋಶಗಳ ಅತಿರೇಕವನ್ನು ತಗ್ಗಿಸುತ್ತವೆ, ಸ್ಟೀರಾಯ್ಡ್‌ನಂತೆ ಒತ್ತಡ ಏರಿಸುವುದಿಲ್ಲ. ಜಪಾನ್ 2008ರಲ್ಲೇ ಟ್ಯಾಕ್ರೋಲಿಮಸ್ ಹನಿಗೆ ಅನುಮತಿ ನೀಡಿದೆ. ಈ ಔಷಧಗಳನ್ನು ಹಾಕಿದಾಗ ಮೊದಮೊದಲು ಉರಿಯುತ್ತದೆ, ಗುಣ ಕಾಣಲು ವಾರಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಮನೆಯವರು ಬೇಸತ್ತು ಮತ್ತೆ ಹಳೆಯ ಬಾಟಲಿಗೇ ಮರಳುತ್ತಾರೆ. ಟ್ಯಾಕ್ರೋಲಿಮಸ್ ಹೆಸರಿನದೇ ಚರ್ಮದ ಮುಲಾಮನ್ನು ಮಾತ್ರ ಸ್ವಂತ ಬುದ್ಧಿಯಿಂದ ಕಣ್ಣಿಗೆ ಹಚ್ಚಬಾರದು. ನಂದಿಬಟ್ಟಲ ಹೂವಿನ ರಸ ಹಿಂಡುವುದೂ ಬೇಡ, ಹಿರಿಯರು ಬೇಸರಪಟ್ಟುಕೊಂಡರೂ ಸರಿಯೇ.

ಸ್ಟೀರಾಯ್ಡ್ ಹನಿಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬ ನಿಯಮವಿದೆ. ಅದನ್ನು ಪಾಲಿಸುವಂತೆ ಔಷಧ ನಿಯಂತ್ರಣ ಅಧಿಕಾರಿಗಳು ಅಂಗಡಿಗಳ ಮೇಲೆ ನಿಗಾ ಇಡಬೇಕು. ವೈದ್ಯರು ಚೀಟಿಯಲ್ಲಿ ಔಷಧ ನಿಲ್ಲಿಸುವ ದಿನಾಂಕವನ್ನು ಕನ್ನಡದಲ್ಲಿ ಬರೆಯಬೇಕು. ಘಟ್ಟದ ಮೇಲಿನ ಹಳ್ಳಿಗಳಿಂದ ಕಾರವಾರಕ್ಕೆ ಬರುವುದು ಇಡೀ ದಿನದ ಕೆಲಸವಾದ್ದರಿಂದ, ಇಂಥ ಹನಿ ಬಳಸುತ್ತಿರುವ ಮಕ್ಕಳ ಕಣ್ಣಿನ ಒತ್ತಡವನ್ನು ಶಾಲಾ ಆರೋಗ್ಯ ತಪಾಸಣೆಯ ಸಂದರ್ಭದಲ್ಲೇ ಅಳೆಯುವ ವ್ಯವಸ್ಥೆಯನ್ನು ಜಿಲ್ಲಾ ಆರೋಗ್ಯ ಇಲಾಖೆ ಮಾಡಬೇಕೆಂದು ಕೋರುತ್ತೇನೆ.

— ನಿವೃತ್ತ ಶಿಕ್ಷಕಿ, ಕುಮಟಾ